ಸೀರಾಂಪುರದ ಕೇರಿ ಮನೆತನ: ಕನ್ನಡ ವ್ಯಾಕರಣ ಬರೆದ ಅಪ್ಪ, ಬರ್ಮಾಕ್ಕೆ ಹೋದ ಮಗ

(ತೆರೆಯ ಮೇಲೆ: ಹಳೆಯ ಪುಸ್ತಕದ ಮೊದಲ ಪುಟ)

ನಮಸ್ಕಾರ. ಈ ಪುಟ ನೋಡಿ. 1817ರಲ್ಲಿ ಅಚ್ಚಾದ ಕನ್ನಡ ವ್ಯಾಕರಣ, ವಿವರಣೆ ಇಂಗ್ಲಿಷಿನಲ್ಲಿ. ಕನ್ನಡ ಲಿಪಿಯ ಅಚ್ಚುಮೊಳೆ ಬಳಸಿದ ಮೊಟ್ಟಮೊದಲ ಪುಸ್ತಕಗಳಲ್ಲಿ ಇದೂ ಒಂದು. ಅಚ್ಚಾಗಿದ್ದು ಮೈಸೂರಿನಲ್ಲಲ್ಲ, ಕಲ್ಕತ್ತದ ಹತ್ತಿರ ಹೂಗ್ಲಿ ದಂಡೆಯ ಸೀರಾಂಪುರದಲ್ಲಿ. ಬರೆದವರು ವಿಲಿಯಂ ಕೇರಿ. ಯಾವ ಕೇರಿಯವರು ಅಂತ ಕೇಳಬೇಡಿ, ಇಂಗ್ಲೆಂಡಿನವರು!

ಕೇರಿ ಮೊದಲು ಶೂ ಹೊಲಿಯುತ್ತಿದ್ದರು. ಆಮೇಲೆ ಬ್ಯಾಪ್ಟಿಸ್ಟ್ ಪಾದ್ರಿ ಆದರು. ಮಗುವಿದ್ದಾಗ ತಲೆಗೆ ನೀರು ಹಾಕಿಸಿಕೊಂಡರೆ ಸಾಲದು, ಬುದ್ಧಿ ಬಂದ ಮೇಲೆ ಸ್ವಂತ ನಂಬಿಕೆಯಿಂದ ನೀರಿನಲ್ಲಿ ಮುಳುಗಿ ಏಳಬೇಕು ಅನ್ನುವ ಪಂಥ ಅದು. ಕೇರಿ ಎಷ್ಟು ಭಾಷೆಗೆ ಬೈಬಲ್ ತಂದರು ಅಂತ ಎಲ್ಲರೂ ಲೆಕ್ಕ ಕೊಡುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಅವರ ಮನೆ.

1793. ಹೆಂಡತಿ ಡೊರೊಥಿಗೆ ಭಾರತಕ್ಕೆ ಬರಲು ಇಷ್ಟವೇ ಇರಲಿಲ್ಲ. ಆಗಷ್ಟೇ ಹೆರಿಗೆಯಾಗಿತ್ತು. ಒತ್ತಾಯ ಮಾಡಿ, ಜೊತೆಗೆ ಅವರ ತಂಗಿಯನ್ನೂ ಕಳಿಸಿ, ಹೇಗೋ ಹಡಗು ಹತ್ತಿಸಿದರು. ನಾಲ್ಕು ಗಂಡುಮಕ್ಕಳು: ಫೆಲಿಕ್ಸ್, ವಿಲಿಯಂ, ಪೀಟರ್, ಕೈಗೂಸು ಜೇಬಜ್. ಮರುವರ್ಷವೇ ಬಂಗಾಳದ ಮದನಾವತಿಯಲ್ಲಿ ಐದು ವರ್ಷದ ಪೀಟರ್ ರಕ್ತಭೇದಿಯಿಂದ ತೀರಿಕೊಂಡ. ಜಾತಿ ಕೆಡುತ್ತದೆ ಅನ್ನುವ ಭಯಕ್ಕೆ ಗುಂಡಿ ತೋಡಲೂ ಜನ ಸುಲಭಕ್ಕೆ ಸಿಗಲಿಲ್ಲ. ಆ ಪೆಟ್ಟಿನ ನಂತರ ಡೊರೊಥಿಯ ಮನಸ್ಸು ಮತ್ತೆ ಸ್ಥಿಮಿತಕ್ಕೆ ಬರಲೇ ಇಲ್ಲ.

(ತೆರೆಯ ಮೇಲೆ: ಹೂಗ್ಲಿ ನದಿ, ಘಾಟಿನ ಮೆಟ್ಟಿಲು)

ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ 1800ರಲ್ಲಿ ಕೇರಿ ಡೆನ್ಮಾರ್ಕಿನವರ ಕೈಯಲ್ಲಿದ್ದ ಸೀರಾಂಪುರಕ್ಕೆ ಬಂದರು. ಅದೇ ವರ್ಷ ಡಿಸೆಂಬರ್ 28. ಬಡಗಿ ಕೃಷ್ಣ ಪಾಲ್ ಮಿಷನ್ನಿನ ಮೊದಲ ಬಂಗಾಳಿ ಕ್ರೈಸ್ತನಾಗುವ ದಿನ. ಅವನ ಜೊತೆ ನದಿಗಿಳಿದವನು ಹಿರಿಮಗ ಫೆಲಿಕ್ಸ್, ಮುಳುಗಿಸಿದ್ದು ಅಪ್ಪನೇ. ಅಷ್ಟರಲ್ಲಿ ಬೀಗ ಹಾಕಿದ ಕೋಣೆಯಿಂದ ಅಮ್ಮನ ಚೀರಾಟ. ಕೇರಿಯ ಜೊತೆಗಾರ ಡಾಕ್ಟರ್ ಥಾಮಸ್‌ಗೂ ಆಗ ತಲೆ ಕೆಟ್ಟಿತ್ತು, ಅವರ ಕೂಗು ಇನ್ನೊಂದು ಕಡೆಯಿಂದ. ಹಾಡುತ್ತಿದ್ದ ಭಜನೆಯ ದನಿ ಆ ಕೂಗಿನ ಜೊತೆಯಲ್ಲೇ ಕೇಳಿಸುತ್ತಿತ್ತು. ಡೊರೊಥಿ 1807ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಪಕ್ಕದ ಕೋಣೆಯಲ್ಲಿ ಅನುವಾದ ನಡೆದೇ ಇತ್ತು. ಇದನ್ನು ಭಕ್ತಿ ಅನ್ನಬೇಕೋ, ಹಟ ಅನ್ನಬೇಕೋ, ನನಗಂತೂ ಎರಡೂ ಅನ್ನಿಸುತ್ತದೆ.

ಈಗ ಫೆಲಿಕ್ಸ್. ಸೀರಾಂಪುರದ ಮಿಷನ್ ಪ್ರೆಸ್ಸಿನಲ್ಲಿ ಕೆಲಸ ಕಲಿತ ಹುಡುಗ ಬರ್ಮಾದ (ಈಗಿನ ಮ್ಯಾನ್ಮಾರ್) ರಂಗೂನಿಗೆ ಹೋದ. ಸಿಡುಬಿನ ಲಸಿಕೆ ಹಾಕಿ ಹೆಸರು ಮಾಡಿದ, ಬರ್ಮೀಸ್ ವ್ಯಾಕರಣ ಬರೆದ. 1813ರಲ್ಲಿ ಅಮೆರಿಕದ ಮಿಷನರಿ ಅಡೊನಿರಾಮ್ ಜಡ್ಸನ್ ರಂಗೂನಿಗೆ ಬಂದಾಗ ಇಳಿದುಕೊಂಡದ್ದು ಇವನ ಮನೆಯಲ್ಲೇ. ಮುಂದೆ ಬರ್ಮಾದ ಬ್ಯಾಪ್ಟಿಸ್ಟರಿಗೆಲ್ಲ ದೊಡ್ಡ ಹೆಸರಾಗಿದ್ದು ಜಡ್ಸನ್‌ದೇ.

1814ರಲ್ಲಿ ಬರ್ಮಾದ ರಾಜ ಪ್ರೆಸ್ಸು ಬೇಕೆಂದ. ಫೆಲಿಕ್ಸ್ ಹೆಂಡತಿ ಮಕ್ಕಳ ಜೊತೆ ಅದನ್ನು ದೋಣಿಗೆ ಹೇರಿಕೊಂಡು ಐರಾವತಿ ನದಿಯಲ್ಲಿ ಹೊರಟ. ದೋಣಿ ಮುಳುಗಿತು. ಹೆಂಡತಿ, ಮಕ್ಕಳು, ಪ್ರೆಸ್ಸು, ಎಲ್ಲ ಹೋಯಿತು. ಇವನೊಬ್ಬ ಉಳಿದ.

ಆಮೇಲೆ ಅದೇ ರಾಜನ ರಾಯಭಾರಿಯಾಗಿ ಕಲ್ಕತ್ತಕ್ಕೆ ಬಂದ, ಛತ್ರಿ, ಕತ್ತಿ, ಆಳುಕಾಳಿನ ಸಮೇತ! ಮಿಷನರಿಯಾಗಿದ್ದ ಮಗ ಕುಗ್ಗಿ ಬರೀ ರಾಯಭಾರಿಯಾದ ಅಂತ ಅಪ್ಪ ನೊಂದುಕೊಂಡರು. ಸಾಲ ಬೆಳೆಯಿತು, ರಾಜನೂ ಮುನಿದ. ಮುಂದೆ ಮೂರು ವರ್ಷ ಫೆಲಿಕ್ಸ್ ಪೂರ್ವದ ಗುಡ್ಡಗಾಡಿನಲ್ಲಿ ಅಲೆದ. ನಾವು ಆರಂಭದಲ್ಲಿ ನೋಡಿದ ಕನ್ನಡ ವ್ಯಾಕರಣ ಅಚ್ಚಾಗುತ್ತಿದ್ದಾಗ, ಬರೆದವರ ಹಿರಿಮಗ ದಿಕ್ಕಿಲ್ಲದೆ ತಿರುಗುತ್ತಿದ್ದ.

ತಮ್ಮಂದಿರ ದಾರಿ ಇಷ್ಟು ಅಂಕುಡೊಂಕಲ್ಲ. ವಿಲಿಯಂ ಬಂಗಾಳದ ಕಟ್ವಾದಲ್ಲಿ ನೆಲೆಸಿದ. ವಕೀಲಿ ಕಲಿಯುತ್ತಿದ್ದ ಜೇಬಜ್ ಅದನ್ನು ಬಿಟ್ಟು ಈಗಿನ ಇಂಡೋನೇಷ್ಯಾದ ಅಂಬೋನ್ ದ್ವೀಪಕ್ಕೆ ಹೋದ, ಅಲ್ಲಿಂದ ಅಜ್ಮೀರಿಗೆ ಬಂದು ಶಾಲೆ ನಡೆಸಿದ. ಭಾರತದಲ್ಲೇ ಹುಟ್ಟಿದ ಜೊನಾಥನ್ ಮಾತ್ರ ಕಲ್ಕತ್ತದಲ್ಲಿ ವಕೀಲನಾದ. ಮುಂದೆ ಇನ್ನೊಬ್ಬ ವಿಲಿಯಂ ಕೇರಿ, ಮೊಮ್ಮಗನ ಮಗ, ಈಗ ಬಾಂಗ್ಲಾದೇಶದಲ್ಲಿರುವ ಬಾರಿಸಾಲ್‌ನಲ್ಲಿ ಮಿಷನರಿಯಾದರು.

(ತೆರೆಯ ಮೇಲೆ: ಬಂಗಾಳಿ ಅಕ್ಷರದ ಅಚ್ಚುಮೊಳೆಗಳು)

ಫೆಲಿಕ್ಸ್ ಏನಾದ? 1818ರಲ್ಲಿ ಚಿತ್ತಗಾಂಗ್‌ನಲ್ಲಿ ಸಿಕ್ಕಿದ. ಚಿಕ್ಕಂದಿನಲ್ಲಿ ತಿದ್ದಿ ಬೆಳೆಸಿದ್ದ, ಸೀರಾಂಪುರದ ಪ್ರೆಸ್ಸು ನೋಡಿಕೊಳ್ಳುತ್ತಿದ್ದ ವಿಲಿಯಂ ವಾರ್ಡ್ ಅವನನ್ನು ಮನೆಗೆ ಕರೆತಂದರು. ಮತ್ತೆ ಅಪ್ಪನ ಪಕ್ಕ ಕೂತು ಕರಡು ತಿದ್ದಿದ. ಬಂಗಾಳಿಯಲ್ಲಿ ವಿಶ್ವಕೋಶ ಶುರು ಮಾಡಿದ, ಮೊದಲ ಸಂಪುಟ ಮನುಷ್ಯನ ಅಂಗರಚನೆಯ ಬಗ್ಗೆ. ಎಲುಬು, ನರಗಳಿಗೆಲ್ಲ ಬಂಗಾಳಿ ಹೆಸರು ಕಟ್ಟುತ್ತಾ ಕೂತ. 1822ರ ನವೆಂಬರ್‌ನಲ್ಲಿ ಸತ್ತಾಗ ನಲವತ್ತೂ ಆಗಿರಲಿಲ್ಲ. ಅಪ್ಪ ಇನ್ನೂ ಹನ್ನೊಂದು ವರ್ಷ ದಾಟಿಸಿ, 1834ರ ಜೂನ್‌ವರೆಗೂ ಬದುಕಿದರು.