ಮೇಜಿನ ಮೇಲಿನ ಮಿಲ್ಲಿಂಗ್ ಯಂತ್ರ ಮತ್ತು ಹಠಮಾರಿ ಸ್ಟೀಲು

ಕೇಳುಗರಿಗೆ ನಮಸ್ಕಾರ.

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ರಸ್ತೆ ಬದಿಯ ವರ್ಕ್‌ಶಾಪುಗಳಿಗೆ ಈಗ ಬರುವ ಕೆಲಸವೇ ಬೇರೆ. ಗೇಟು, ಗ್ರಿಲ್ಲು, ಪಂಪುಸೆಟ್ಟಿನ ರಿಪೇರಿ ಇದ್ದೇ ಇದೆ. ಅದರ ಜೊತೆಗೆ ತೆಂಗಿನಕಾಯಿ ಚಿಪ್ಸ್ ಹೆಚ್ಚುವ ಯಂತ್ರದ ತಟ್ಟೆ, ಹಲಸಿನ ಹಪ್ಪಳದ ಅಚ್ಚು, ಎಣ್ಣೆ ಗಾಣದ ಬಿಡಿಭಾಗ ಎಂದು ಕೇಳಿಕೊಂಡು ಜನ ಬರುತ್ತಾರೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗಿನ ಮೌಲ್ಯವರ್ಧನೆಯ ಯಂತ್ರಗಳನ್ನು ರೂಪಿಸುತ್ತಾ ಬಂದಿದೆ. ಅಂಥ ಯಂತ್ರ ಇಟ್ಟುಕೊಂಡವರಿಗೆ ಭಾಗ ಸವೆದರೆ ಹತ್ತಿರದಲ್ಲೇ ಮಾಡಿಕೊಡುವವರು ಬೇಕು. ಆಹಾರ ತಾಗುವ ಜಾಗಕ್ಕೆ ಮಾಮೂಲಿ ಕಬ್ಬಿಣ ಆಗುವುದಿಲ್ಲ. ಗುಜ್ಜೆ (ಎಳೆ ಹಲಸು), ಬಾಳೆಕಾಯಿ, ಅಡಿಕೆಗಳಲ್ಲಿ ಒಗರು ಕೊಡುವ ಟ್ಯಾನಿನ್ ಇದೆ. ಅದು ಕಬ್ಬಿಣದೊಡನೆ ಸೇರಿದರೆ ಹೋಳುಗಳೆಲ್ಲ ಕಪ್ಪು. ಹಾಗಾಗಿ ಎಲ್ಲಕ್ಕೂ ಸ್ಟೈನ್‌ಲೆಸ್ ಸ್ಟೀಲೇ ಬೇಕು.

ಲೇತ್ ಅನೇಕರಲ್ಲಿ ಇದೆ. ಆದರೆ ಶಾಫ್ಟಿಗೆ ಚಾವಿಗಾಡಿ, ಅಂದರೆ ಗಾಲಿ ಜಾರದಂತೆ ತಡೆಯುವ ಕೀಲಿ ಕೂರುವ ತೋಡು, ಹೊಡೆಯಲು, ಬ್ಲೇಡು ಕೂರುವ ತೋಡು ತೆಗೆಯಲು, ಮುಖ ಸಪಾಟು ಮಾಡಲು, ತಿರುಗುವ ಹಲ್ಲಿನ ಕಟ್ಟರಿನಿಂದ ಕೊರೆಯುವ ಮಿಲ್ಲಿಂಗ್ ಬೇಕು. ಒಂದು ತೋಡಿಗಾಗಿ ಮಂಗಳೂರಿನ ಬೈಕಂಪಾಡಿಗೆ ಬಸ್ಸು ಹತ್ತುವವರಿದ್ದಾರೆ. ಅವರಿಗೆ ಮೇಜಿನ ಮೇಲೆ ಕೂರುವ ಸಣ್ಣ ಮಿಲ್ಲಿಂಗ್ ಯಂತ್ರವೊಂದನ್ನು ಕೊಂಡುಬಿಡೋಣ ಎಂದು ಆಸೆಯಾಗುವುದು ಸಹಜ. ಆಸೆ ತಪ್ಪಲ್ಲ. ಎಂಥದ್ದನ್ನು ಕೊಳ್ಳಬೇಕು ಎಂಬುದೇ ಇವತ್ತಿನ ಮಾತು.

ಮೊದಲು ಈ ಸ್ಟೀಲಿನ ಸ್ವಭಾವ ತಿಳಿಯಬೇಕು. ನಮ್ಮಲ್ಲಿ ಹೆಚ್ಚು ಬಳಕೆಯಾಗುವ 304 ಎಂಬ ದರ್ಜೆಯಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, ಶೇಕಡ 8 ನಿಕ್ಕಲ್ ಇರುತ್ತವೆ. ಸಮುದ್ರದ ಉಪ್ಪುಗಾಳಿಗೆ, ದೋಣಿಯ ಕೆಲಸಕ್ಕೆ 316 ಮೇಲು, ಅದರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಂ ಇದೆ. ಎರಡಕ್ಕೂ ಒಂದೇ ಕೆಟ್ಟ ಗುಣ: ಕೊರೆಯದೆ ಉಜ್ಜಿದರೆ ಮೇಲ್ಮೈ ಗಟ್ಟಿಯಾಗುತ್ತದೆ. ಕಟ್ಟರಿನ ಹಲ್ಲು ಒಮ್ಮೆ ಜಾರಿತೆಂದರೆ ಮುಂದಿನ ಹಲ್ಲಿಗೆ ಸಿಗುವುದು ಇನ್ನಷ್ಟು ಗಟ್ಟಿಯಾದ ಪದರ. ಮೇಲಾಗಿ, ಮಾಮೂಲಿ ಉಕ್ಕಿಗೆ ಹೋಲಿಸಿದರೆ ಇದು ಬಿಸಿಯನ್ನು ಸಾಗಿಸುವುದು ಮೂರರಲ್ಲಿ ಒಂದು ಪಾಲು ಮಾತ್ರ. ಹುಟ್ಟಿದ ಬಿಸಿ ವಸ್ತುವಿನೊಳಗೆ ಹರಡದೆ ಕಟ್ಟರಿನ ಅಂಚಿನಲ್ಲೇ ಕೂರುತ್ತದೆ, ಅಂಚು ಸುಟ್ಟುಹೋಗುತ್ತದೆ. ಆದ್ದರಿಂದ ಸ್ಟೀಲನ್ನು ನಿಧಾನವಾಗಿ, ಆದರೆ ಧೈರ್ಯವಾಗಿ ಕಚ್ಚಬೇಕು. ಹೆದರಿ ಹೆದರಿ ತಾಗಿಸುವವರ ಕಟ್ಟರೇ ಬೇಗ ಹಾಳಾಗುವುದು.

ಕೈಯಲ್ಲಿ ಪೆನ್ಸಿಲ್ ಇದ್ದರೆ ಒಂದು ಲೆಕ್ಕ ಬರೆದುಕೊಳ್ಳಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕಟ್ಟರಿಗೆ 304ರಲ್ಲಿ ನಿಮಿಷಕ್ಕೆ ಸುಮಾರು 18 ಮೀಟರ್ ವೇಗ ಸಾಕು. 18ನ್ನು 318ರಿಂದ ಗುಣಿಸಿ, ಬಂದದ್ದನ್ನು ಕಟ್ಟರಿನ ವ್ಯಾಸದ ಮಿಲಿಮೀಟರಿನಿಂದ ಭಾಗಿಸಿ. 10 ಮಿಲಿಮೀಟರ್ ಕಟ್ಟರಿಗೆ ನಿಮಿಷಕ್ಕೆ ಸುಮಾರು 570 ಸುತ್ತು. ನಾಲ್ಕು ಹಲ್ಲಿನ ಕಟ್ಟರಿನಲ್ಲಿ ಹಲ್ಲಿಗೆ 0.04 ಮಿಲಿಮೀಟರಿನಂತೆ ಮುಂದೆ ತಳ್ಳಿದರೆ ಮೇಜು ನಿಮಿಷಕ್ಕೆ 90 ಮಿಲಿಮೀಟರ್ ಸರಿಯುತ್ತದೆ. 1 ಮಿಲಿಮೀಟರ್ ಆಳದ ತೋಡಾದರೆ ಸೆಕೆಂಡಿಗೆ 15 ಘನ ಮಿಲಿಮೀಟರ್ ಲೋಹ ತೆಗೆದಂತಾಯಿತು. ಸೆಕೆಂಡಿಗೆ ತೆಗೆಯುವ ಒಂದೊಂದು ಘನ ಮಿಲಿಮೀಟರಿಗೆ 3ರಿಂದ 4 ವ್ಯಾಟ್ ಹಿಡಿದರೂ ಕಟ್ಟರಿನ ತುದಿಯಲ್ಲಿ ಬೇಕಾದ ಶಕ್ತಿ 60 ವ್ಯಾಟ್ ದಾಟುವುದಿಲ್ಲ. ಚೂರು ತೆಳುವಾದಷ್ಟೂ ಶಕ್ತಿ ಹೆಚ್ಚು ಬೇಕು, ಗೇರು ಬೆಲ್ಟುಗಳಲ್ಲಿ ಒಂದಷ್ಟು ಸೋರುತ್ತದೆ. ಅದೆಲ್ಲ ಸೇರಿಸಿ 100 ವ್ಯಾಟ್ ಎನ್ನಿ.

ಅಂಗಡಿಯವನು 500 ವ್ಯಾಟ್, 750 ವ್ಯಾಟ್, 1100 ವ್ಯಾಟ್ ಎಂದು ಕೂಗುತ್ತಾನೆ. ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಬೇಕಾದದ್ದು ನೂರೇ ಆದರೆ ಐನೂರು ವ್ಯಾಟಿನ ಸಣ್ಣ ಯಂತ್ರ ಸ್ಟೀಲಿನ ಮುಂದೆ ನಡುಗುವುದೇಕೆ? ಮೋಟಾರು ಸೋಲುವ ಮೊದಲೇ, ಮೋಟಾರು-ಕಟ್ಟರು ಇರುವ ತಲೆಯನ್ನು ಹೊತ್ತ ಕಂಬ ಬಾಗುತ್ತದೆ, ಅದಕ್ಕೆ. ಮೆಟ್ಟುಕತ್ತಿ ಎಷ್ಟೇ ಹರಿತವಿರಲಿ, ಮಣೆ ಅಲುಗಾಡಿದರೆ ಗುಜ್ಜೆ ಹೋಳಾಗುವುದಿಲ್ಲ. ಹಲ್ಲು ಕಚ್ಚಬೇಕಾದದ್ದು 0.04 ಮಿಲಿಮೀಟರ್. ಯಂತ್ರವೇ ಅಷ್ಟು ಹಿಂದಕ್ಕೆ ಬಾಗಿದರೆ ಹಲ್ಲು ಕಚ್ಚದೆ ಉಜ್ಜುತ್ತದೆ. ಉಜ್ಜಿದರೆ ಏನಾಗುತ್ತದೆ ಎಂದು ಆಗಲೇ ಹೇಳಿದ್ದೇನೆ.

ಆದ್ದರಿಂದ ನಾನು ಮೊದಲು ಕೇಳುವುದು ಯಂತ್ರದ ತೂಕವನ್ನು. 60 ಕಿಲೋ ಆಸುಪಾಸಿನ ಮಿನಿ ಮಿಲ್ಲುಗಳು ಅಲ್ಯೂಮಿನಿಯಂಗೆ, ಹಿತ್ತಾಳೆಗೆ, ಹವ್ಯಾಸಕ್ಕೆ ಚೆನ್ನಾಗಿವೆ. ಕೆಲವು ಮಾದರಿಗಳಲ್ಲಿ ಕಂಬ ಓರೆಯಾಗಲೆಂದು ಅದನ್ನು ಬುಡಕ್ಕೆ ಒಂದೇ ದಪ್ಪ ನಟ್ಟಿನಿಂದ ಬಿಗಿದಿರುತ್ತಾರೆ. ಬಾಗುವುದು ಅಲ್ಲಿಂದಲೇ. ಒಳಗಿನ ಗೇರು ಪ್ಲಾಸ್ಟಿಕ್ಕಿನದಾದರೆ ಕಟ್ಟರು ಸಿಕ್ಕಿಹಾಕಿಕೊಂಡ ದಿನ ಹಲ್ಲು ಉದುರುತ್ತದೆ. ಇದರಲ್ಲಿ ಸ್ಟೀಲು ಕೊರೆಯಲು ಆಗುವುದೇ ಇಲ್ಲ ಎನ್ನಲಾರೆ. 6 ಮಿಲಿಮೀಟರ್ ಕಟ್ಟರಿನಲ್ಲಿ ಕಾಲು ಮಿಲಿಮೀಟರಿನಂತೆ ತೆಗೆದು ಒಂದು ಚಾವಿಗಾಡಿ ಮುಗಿಸಬಹುದು. ದಿನಾ ಅದೇ ಕೆಲಸ, ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ ಎಂದಾದರೆ ಬೇಡ. ನನ್ನ ಮಟ್ಟಿಗೆ ಸ್ಟೀಲಿನ ಕೆಲಸ ಶುರುವಾಗುವುದು 150 ಕಿಲೋದಿಂದ. 250, 300 ಕಿಲೋದ ಗೇರ್ ಹೆಡ್ (ತಲೆಯಲ್ಲೇ ಗೇರುಪೆಟ್ಟಿಗೆ ಇರುವ) ಯಂತ್ರ ಸಿಕ್ಕರೆ ನೆಮ್ಮದಿ. ಆಗ ಮೇಜಿನ ಮೇಲೆ ಎಂಬ ಮಾತೂ ಹೋಗುತ್ತದೆ, ಅದಕ್ಕೆ ಕಬ್ಬಿಣದ ಸ್ಟ್ಯಾಂಡೇ ಬೇಕು.

ಭಾರದ ಯಂತ್ರಗಳಲ್ಲೂ ಕಂಬ ನೋಡಿ. ಕೊಳವೆಯಂತೆ ದುಂಡಗಿನ ಕಂಬದ್ದು ಅಗ್ಗ, ಆದರೆ ಉದ್ದದ ಡ್ರಿಲ್ ಹಾಕಲು ತಲೆಯನ್ನು ಎತ್ತಿದರೆ ಅದು ಪಕ್ಕಕ್ಕೆ ತಿರುಗಿಬಿಡುತ್ತದೆ, ಹಿಡಿದ ಅಳತೆ ಹೋಯಿತು. ಡವ್‌ಟೇಲ್ ಕಂಬವಾದರೆ, ಅಂದರೆ ಓರೆ ಅಂಚಿನ ಹಳಿಯಿರುವ ಕಂಬವಾದರೆ, ತಲೆ ನೇರವಾಗಿ ಏರಿಳಿಯುತ್ತದೆ. ಎರಡು ಸಲ ಯೋಚಿಸದೆ ಡವ್‌ಟೇಲ್ ಆರಿಸಿಕೊಳ್ಳಿ.

ಇನ್ನು ವೇಗ. ಅಂಗಡಿಯಲ್ಲಿ ಅತಿ ಹೆಚ್ಚು ವೇಗವನ್ನು ತೋರಿಸುತ್ತಾರೆ, ನೀವು ಅತಿ ಕಡಿಮೆ ವೇಗವನ್ನು ಕೇಳಿ. 50 ಮಿಲಿಮೀಟರಿನ ಎಚ್‌ಎಸ್‌ಎಸ್ ಕಟ್ಟರಿಗೆ ನಮ್ಮ ಲೆಕ್ಕದಂತೆ ನಿಮಿಷಕ್ಕೆ 115 ಸುತ್ತು ಮಾತ್ರ. ಆ ವೇಗದಲ್ಲಿ ಯಂತ್ರಕ್ಕೆ ತಿರುಚುವ ಬಲ ಇರಬೇಕು. ವಿದ್ಯುತ್ತನ್ನು ಕುಗ್ಗಿಸಿ ವೇಗ ಇಳಿಸಿದರೆ ಶಕ್ತಿಯೂ ಅಷ್ಟೇ ಕುಗ್ಗುತ್ತದೆ, ಗೇರು ಅಥವಾ ಬೆಲ್ಟು ಬದಲಿಸಿ ಇಳಿಸಿದರೆ ಮಾತ್ರ ಬಲ ಏರುತ್ತದೆ. ನುಣುಪಾದ ಗುಂಡಿ ತಿರುಗಿಸಿ ಸೊನ್ನೆಯಿಂದ ಎರಡೂವರೆ ಸಾವಿರದವರೆಗೆ ಹೋಗುವ ಯಂತ್ರ ಕಣ್ಣಿಗೆ ಚೆಂದ, ನೂರು ಸುತ್ತಿನಲ್ಲಿ ಅದನ್ನು ಕೈಯಿಂದ ಹಿಡಿದು ನಿಲ್ಲಿಸಬಹುದೇನೋ! ದಯವಿಟ್ಟು ಹಿಡಿಯಬೇಡಿ, ಮಾತಿಗೆ ಹೇಳಿದೆ. ಹೆಚ್ಚು ವೇಗವೂ ವ್ಯರ್ಥವಲ್ಲ. ಇನ್ನೂ ಗಟ್ಟಿ ವಸ್ತುವಾದ ಕಾರ್ಬೈಡಿನ 6 ಮಿಲಿಮೀಟರ್ ಕಟ್ಟರು ನಿಮಿಷಕ್ಕೆ 60 ಮೀಟರಿನ ಲೆಕ್ಕದಲ್ಲಿ ಮೂರು ಸಾವಿರ ಸುತ್ತು ಕೇಳುತ್ತದೆ. ಆದರೆ ಕಾರ್ಬೈಡ್ ನಡುಕ ಸಹಿಸುವುದಿಲ್ಲ, ಅಂಚು ಚಟಪಟ ಉದುರುತ್ತದೆ. ಹಗುರ ಯಂತ್ರದಲ್ಲಿ ಕೋಬಾಲ್ಟ್ ಬೆರೆಸಿದ ಎಚ್‌ಎಸ್‌ಎಸ್ ಹೆಚ್ಚು ಬಾಳುತ್ತದೆ.

ಮೋಟಾರಿನ ವಿಚಾರದಲ್ಲಿ ನಮ್ಮ ಊರಿನ ಹವೆಯನ್ನು ಮರೆಯುವಂತಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ, ಮತ್ತೆ ತುಲಾ ಮಾಸದ ಹೊತ್ತಿಗೆ ಸಿಡಿಲು ಹೇಗೆ ಬಡಿಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಡಿಸಿ ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಅದಕ್ಕೆ ಮೊದಲ ಬಲಿ. ಬೋರ್ಡು ಇಲ್ಲೇ ಸಿಗುತ್ತದೆಯೇ ಎಂದು ಕೇಳದೆ ಹಣ ಕೊಡಬೇಡಿ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸುವುದು ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮಾಮೂಲಿ ಇಂಡಕ್ಷನ್ ಮೋಟಾರು ಮತ್ತು ಗೇರುಪೆಟ್ಟಿಗೆ ಇರುವ ಯಂತ್ರ ಸದ್ದು ಮಾಡುತ್ತದೆ, ಆದರೆ ಊರಿನ ವೈಂಡಿಂಗ್ ಅಂಗಡಿಯವರೇ ಅದನ್ನು ಸರಿ ಮಾಡಬಲ್ಲರು.

ಸೆಕೆಂಡ್ ಹ್ಯಾಂಡಿನ ಮಾತು ಬಂದಾಗ ಹೊಸೂರು, ಪೀಣ್ಯ, ಕೊಯಮತ್ತೂರಿನ ಹೆಸರು ಬರುತ್ತದೆ. ಸಣ್ಣ ಹೊಸ ಯಂತ್ರದ ಬೆಲೆಗೆ ಅಲ್ಲಿ ನೆಲದ ಮೇಲೆ ನಿಲ್ಲುವ ದೊಡ್ಡ ಹಳೆಯ ಟರೆಟ್ ಮಿಲ್ಲಿಂಗ್ ಯಂತ್ರ ಸಿಗುವುದುಂಟು. ಬೀಡು ಕಬ್ಬಿಣದ ಮೈ, ಸ್ಟೀಲನ್ನು ನಿರಾಯಾಸವಾಗಿ ಕೊರೆಯುತ್ತದೆ. ಆದರೆ ಟನ್ನಿನ ಲೆಕ್ಕದ ತೂಕ. ಲಾರಿ ನಿಮ್ಮ ಓಣಿಗೆ ಬರುತ್ತದೆಯೇ, ಮುರಕಲ್ಲಿನ ಮೆಟ್ಟಿಲ ಮೇಲೆ ಅದನ್ನು ಹತ್ತಿಸುವುದು ಹೇಗೆ, ನೆಲ ಕಾಂಕ್ರೀಟಿನದೇ ಎಂದು ಮೊದಲು ನೋಡಿ. ಇನ್ನೊಂದು ಸಂಗತಿಯಲ್ಲಿ ಹಲವರು ಎಡವುತ್ತಾರೆ. ಅದರ ಮೋಟಾರು ತ್ರೀ ಫೇಸಿನದು, 415 ವೋಲ್ಟಿನದು. ಮನೆಯ ಸಿಂಗಲ್ ಫೇಸಿನಿಂದ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ ಓಡಿಸುತ್ತೇನೆ ಎಂದರೆ, ಆ ಪೆಟ್ಟಿಗೆ ಮೂರು ಫೇಸ್ ಕೊಟ್ಟರೂ 230 ವೋಲ್ಟೇ ಕೊಡುವುದು. ಸುರುಳಿಗಳನ್ನು ಸ್ಟಾರ್ ರೀತಿಯಲ್ಲಿ ಜೋಡಿಸಿದ ಮೋಟಾರಾಗಿದ್ದು, ಅವುಗಳ ಆರು ತುದಿಗಳೂ ಹೊರಗೆ ಸಿಕ್ಕರೆ ಡೆಲ್ಟಾ ಜೋಡಣೆಗೆ ಬದಲಿಸಿ ಸರಿಮಾಡಬಹುದು. ಇಲ್ಲದಿದ್ದರೆ ಮೋಟಾರೇ ಬದಲಾಗಬೇಕು.

ಹೊಸದಾಗಲಿ ಹಳೆಯದಾಗಲಿ, ನೋಡಲು ಹೋಗುವಾಗ ಚೀಲದಲ್ಲಿ ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜು, ಅದರ ಮ್ಯಾಗ್ನೆಟ್ ಸ್ಟ್ಯಾಂಡು ಮತ್ತು ನಿಮ್ಮದೇ ಒಂದು ತುಂಡು 304 ಇರಲಿ. ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟು ಗೇಜಿನ ತುದಿಯನ್ನು, ಕಟ್ಟರು ಹಿಡಿದು ತಿರುಗುವ ಸ್ಪಿಂಡಲ್ಲಿನ ಮೂತಿಗೆ ತಾಗಿಸಿ, ತಲೆಯನ್ನು ಕೈಯಿಂದ ಬಲವಾಗಿ ತಳ್ಳಿ ನೋಡಿ. ಮುಳ್ಳು 0.05 ಮಿಲಿಮೀಟರ್ ದಾಟಿದರೆ ಅದು ಸ್ಟೀಲಿನ ಯಂತ್ರ ಅಲ್ಲ. ನಿಮ್ಮ ಕೈಗೇ ಬಾಗುವುದು ಕಟ್ಟರಿನ ಒತ್ತಡಕ್ಕೆ ಬಾಗದೇ? ಆಮೇಲೆ ತುಂಡನ್ನು ವೈಸಿನಲ್ಲಿ ಬಿಗಿದು ಒಂದು ತೋಡು ತೆಗೆಯಲು ಹೇಳಿ. ತೆಗೆಯಲು ಒಪ್ಪದ ಮಾರಾಟಗಾರನ ಜೊತೆ ಜಗಳ ಬೇಡ, ಚಹಾ ಕುಡಿದು ಹಿಂತಿರುಗಿ.

ಮೇಜಿನ ಹಿಡಿಯನ್ನು ಹಿಂದೆಮುಂದೆ ತಿರುಗಿಸಿ, ಸ್ಕ್ರೂ ಎಷ್ಟು ಸಡಿಲವಿದೆ ಎಂದೂ ನೋಡಿ. ಮೇಜನ್ನು ಕಟ್ಟರು ತಿರುಗುವ ದಿಕ್ಕಿಗೇ ಸರಿಸಿ ಕೊರೆದರೆ ಹಲ್ಲು ಮೊದಲು ದಪ್ಪಗೆ ಕಚ್ಚಿ ತೆಳುವಾಗಿ ಹೊರಬರುತ್ತದೆ, ಸ್ಟೀಲಿಗೆ ಅದೇ ಒಳ್ಳೆಯದು. ಆದರೆ ಸ್ಕ್ರೂ ಸಡಿಲವಿದ್ದರೆ ಕಟ್ಟರು ಮೇಜನ್ನೇ ತನ್ನತ್ತ ಎಳೆದುಕೊಂಡು ಮುರಿಯುತ್ತದೆ. ಸಡಿಲವನ್ನು ಬಿಗಿಮಾಡಲು ಬರುವ ನಟ್ಟು ಇದ್ದರೆ ಉತ್ತಮ. ಇಲ್ಲವೆಂದಾದರೆ ದೊಡ್ಡ ಕೊರೆತವನ್ನೆಲ್ಲ ಎದುರು ದಿಕ್ಕಿನಲ್ಲೇ ಮಾಡಿ, ಹಗುರದ ಕೊನೆಯ ಕೊರೆತಕ್ಕೆ ಮಾತ್ರ, ಮೇಜಿನ ಲಾಕನ್ನು ತುಸು ಬಿಗಿದುಕೊಂಡು, ದಿಕ್ಕು ಬದಲಿಸಿ.

ವೈಸು, ಕಟ್ಟರು ಹಿಡಿಯುವ ಕಾಲೆಟ್ಟು, ವಸ್ತುವಿನಡಿ ಇಡುವ ಪ್ಯಾರಲಲ್ಲು ಪಟ್ಟಿ, ಕಟ್ಟರುಗಳಿಗೆ ಬೇರೆಯೇ ಹಣ ಎತ್ತಿಡಿ. ಭಾರದ ಒಳ್ಳೆಯ ವೈಸಿಗೆ ಜಿಪುಣತನ ಮಾಡಬಾರದು. ಕಟ್ಟರನ್ನು ಕಾಲೆಟ್ಟಿನಿಂದ ಎಷ್ಟು ಕಡಿಮೆ ಹೊರಗಿಡಬಹುದೋ ಅಷ್ಟೇ ಇಡಿ. ಹೊರಚಾಚು ಎರಡರಷ್ಟಾದರೆ ಬಾಗುವುದು ಎಂಟರಷ್ಟಾಗುತ್ತದೆ. ಬೆಸುಗೆ ಬೇಡದ, ಉಪ್ಪುನೀರು, ಹುಳಿ ತಾಗದ ಬಿಡಿಭಾಗಕ್ಕೆ 303 ಸ್ಟೀಲು ತರಿಸಿ. ಗಂಧಕ ಬೆರೆಸಿರುವುದರಿಂದ ಅದನ್ನು ಸಲೀಸಾಗಿ ಕೊರೆಯಬಹುದು, ಸಣ್ಣ ಯಂತ್ರಕ್ಕೆ ಅರ್ಧ ಭಾರ ಇಳಿದಂತೆ.

ಯಂತ್ರ ಮನೆಗೆ ಬಂದ ಮೇಲೆ ಮಳೆಗಾಲಕ್ಕೆ ಮೊದಲು ಒಂದು ಏರ್ಪಾಡು ಮಾಡಿಕೊಳ್ಳಿ. ನೀರಿನಲ್ಲಿ ಕರಗಿಸುವ ಕೂಲೆಂಟ್ ಎಣ್ಣೆಯನ್ನು ಹತ್ತು ಪಾಲು ನೀರಿಗೆ ಒಂದರಂತೆ ಬೆರೆಸುತ್ತೇವೆ. ಆಟಿ ತಿಂಗಳ ತೇವದಲ್ಲಿ ಅದನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಮಲಗಿದರೆ ಬೆಳಗಾಗುವಾಗ ಕೆಂಪು ತುಕ್ಕಿನ ಉಂಗುರಗಳು ಕಾಣುತ್ತವೆ. ಸಂಜೆ ಚೂರುಗಳನ್ನು ಬ್ರಷ್ಷಿನಿಂದ ತೆಗೆದು, ಬಟ್ಟೆಯಿಂದ ಒರೆಸಿ, ಸ್ಲೈಡ್ ಎಣ್ಣೆ ಸವರಿ. ಚೂರುಗಳಿಗೆ ಬರಿಗೈ ಹಾಕಬೇಡಿ, ಸ್ಟೀಲಿನ ಸಿಬಿರು ಚುಚ್ಚಿದರೆ ಹುಡುಕಿ ತೆಗೆಯುವುದು ಕಷ್ಟ. 304 ಹೆಚ್ಚಾಗಿ ಅಯಸ್ಕಾಂತಕ್ಕೂ ಸರಿಯಾಗಿ ಹತ್ತುವುದಿಲ್ಲ.

ನಮಸ್ಕಾರ.