ಮೇಲಿನ ಕೋಣೆಯ ಬ್ಯಾಂಜೋ

ನಮಸ್ಕಾರ ಎಲ್ಲರಿಗೂ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು 'ದಿ ಪವರ್ ಆಫ್ ದಿ ಡಾಗ್' ಮತ್ತೆ ನೋಡಿದೆ. ಬೆಳಗ್ಗೆಯಿಂದ ತಲೆಯಲ್ಲಿ ಅದೇ ಓಡುತ್ತಿದೆ. ಹಾಗಾಗಿ ಇವತ್ತು ಸುತ್ತಾಟ ಏನೂ ಇಲ್ಲ, ಈ ಸಿನಿಮಾ ಬಗ್ಗೆಯೇ ಮಾತು. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ, ಧೈರ್ಯವಾಗಿ ಕೇಳಿ.

ಜೇನ್ ಕ್ಯಾಂಪಿಯನ್ ನಿರ್ದೇಶಿಸಿದ, 2021ರಲ್ಲಿ ಬಂದ ವೆಸ್ಟರ್ನ್ ಇದು, ಅಂದರೆ ಅಮೆರಿಕದ ದನಗಾಹಿಗಳ ಲೋಕದ ಸಿನಿಮಾ. ಕುದುರೆ, ದನ, ಧೂಳು, ಅಗಲ ಟೋಪಿ ಎಲ್ಲ ಇದೆ. ಆದರೆ ಬೀದಿಯಲ್ಲಿ ಎದುರುಬದುರು ನಿಂತು ಗುಂಡು ಹಾರಿಸುವ ಕಾಳಗ ಇಲ್ಲ. ಇಲ್ಲಿ ಯುದ್ಧ ನಡೆಯುವುದು ಒಂದೇ ಮನೆಯೊಳಗೆ. ಅದೂ ಹೆಚ್ಚಾಗಿ ಸದ್ದಿನಲ್ಲೇ.

ಕಥೆ 1925ರದ್ದು, ಅಮೆರಿಕದ ಮೊಂಟಾನಾ ರಾಜ್ಯದ್ದು. ಫಿಲ್, ಜಾರ್ಜ್ ಅಂತ ಅಣ್ಣ ತಮ್ಮ. ದನ ಸಾಕುವ ದೊಡ್ಡ ರಾಂಚ್, ದೊಡ್ಡ ಮನೆ. ಅಷ್ಟೊಂದು ಜಾಗ ಇದ್ದರೂ, ಇಷ್ಟು ವಯಸ್ಸಾದರೂ, ಇಬ್ಬರೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗುತ್ತಾರೆ. ಫಿಲ್ ಯೇಲ್ ಎಂಬ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಓದಿದವನು. ಆದರೂ ಸ್ನಾನವಿಲ್ಲದೆ, ಮೈತುಂಬ ಕೊಳೆ ಹೊತ್ತುಕೊಂಡು ದನ ಕಾಯುವವರ ಜೊತೆಯೇ ಇರುತ್ತಾನೆ. ತಮ್ಮನನ್ನು ದಡಿಯ ಅಂತ ಹಂಗಿಸುತ್ತಾನೆ. ಹೀಗಿರುವಾಗ ಜಾರ್ಜ್ ಸದ್ದಿಲ್ಲದೆ ರೋಸ್ ಎಂಬ ವಿಧವೆಯನ್ನು ಮದುವೆಯಾಗಿ ಮನೆಗೆ ಕರೆತರುತ್ತಾನೆ. ಅವಳು ಭಾವ ಎಂಬ ಸಲಿಗೆಯಿಂದ ಒಂದು ಮಾತಾಡಿದರೆ, ನಾನು ನಿನಗೆ ಏನೂ ಆಗಬೇಕಾಗಿಲ್ಲ ಅಂತ ಫಿಲ್ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾನೆ.

ಈಗ ಆ ಪಿಯಾನೋ ದೃಶ್ಯ. ಗವರ್ನರ್ ಊಟಕ್ಕೆ ಬರುವವರಿದ್ದಾರೆ. ಹೆಂಡತಿ ಅವರ ಮುಂದೆ ಪಿಯಾನೋ ನುಡಿಸಲಿ ಅಂತ ಜಾರ್ಜ್‌ಗೆ ಆಸೆ. ರೋಸ್ ಹಿಂದೆ ಸಿನಿಮಾ ಮಂದಿರದಲ್ಲಿ ನುಡಿಸಿದವಳು, ದೊಡ್ಡ ಕಛೇರಿ ಮಾಡಿದವಳಲ್ಲ. ಒಬ್ಬಳೇ ಕೂತು ರಾಡೆಟ್ಸ್ಕಿ ಮಾರ್ಚ್ ಎಂಬ ಸಂಗೀತದ ತುಣುಕನ್ನು ಅಭ್ಯಾಸ ಮಾಡುತ್ತಾಳೆ. ಬೆರಳು ತಪ್ಪುತ್ತದೆ, ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಮೇಲಿನ ಕೋಣೆಯಿಂದ ಬ್ಯಾಂಜೋ, ಅಂದರೆ ಬೆರಳಲ್ಲಿ ಮೀಟುವ ತಂತಿವಾದ್ಯ, ಕೇಳುತ್ತದೆ. ಅದೇ ರಾಗ. ಅವಳು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಅವಳು ಎಡವಿದ ಜಾಗವನ್ನು ಫಿಲ್ ಸಲೀಸಾಗಿ ದಾಟಿ, ಇನ್ನೂ ಜೋರಾಗಿ ಮುಂದಕ್ಕೆ ಹೋಗುತ್ತಾನೆ. ಒಂದು ಬೈಗುಳ ಇಲ್ಲ, ಕೈ ಎತ್ತುವುದಿಲ್ಲ. ಇಡೀ ಸಿನಿಮಾದಲ್ಲಿ ಇದಕ್ಕಿಂತ ಕ್ರೂರವಾದದ್ದು ನನಗೆ ಕಾಣಲಿಲ್ಲ. ಅತಿಥಿಗಳು ಬಂದ ದಿನ ಅವಳ ಕೈ ಓಡುವುದೇ ಇಲ್ಲ. ಆಮೇಲೆ ಅವನು ಅದೇ ರಾಗವನ್ನು ಶಿಳ್ಳೆಯಲ್ಲಿ ಹಾಕುತ್ತಾನೆ ನೋಡಿ, ಅಷ್ಟು ಸಾಕು. ರೋಸ್ ಕುಡಿತಕ್ಕೆ ಬೀಳುತ್ತಾಳೆ.

ಹೆಡ್‌ಫೋನ್ ಹಾಕಿ ಅಂತ ಹೇಳುವುದು ಇದಕ್ಕೇ. ಫಿಲ್ ಕಣ್ಣಿಗೆ ಬೀಳುವ ಮೊದಲು ಅವನ ಬೂಟಿನ ಸದ್ದು ಬರುತ್ತದೆ. ಮರದ ನೆಲ, ಮರದ ಮೆಟ್ಟಿಲು, ಎಲ್ಲ ಕೇಳಿಸುತ್ತದೆ. ಆ ಮನೆಯಲ್ಲಿ ಬಾಗಿಲು ಹಾಕಿಕೊಂಡರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಂಗೀತ ಜಾನಿ ಗ್ರೀನ್‌ವುಡ್ ಅವರದ್ದು. ಸಾಮಾನ್ಯವಾಗಿ ಕಮಾನಿನಿಂದ ನುಡಿಸುವ ಚೆಲ್ಲೋ ಎಂಬ ದೊಡ್ಡ ಪಿಟೀಲಿನಂಥ ವಾದ್ಯವನ್ನು ಬ್ಯಾಂಜೋ ಥರ ಬೆರಳಲ್ಲಿ ಮೀಟಿದ್ದಾರೆ. ಅದು ಗೊತ್ತಾದ ಮೇಲೆ, ಫಿಲ್ ಇಲ್ಲದ ಕಡೆಯೂ ಅವನೇ ಎಲ್ಲೋ ಹತ್ತಿರದಲ್ಲಿ ಇದ್ದಾನೆ ಅನ್ನಿಸತೊಡಗಿತು.

ಅಂದ ಹಾಗೆ, ಚಿತ್ರದಲ್ಲಿ ಕಾಣುವ ಬೆಟ್ಟಗಳು ಮೊಂಟಾನಾದವಲ್ಲ, ನ್ಯೂಜಿಲೆಂಡ್‌ನವು. ಫಿಲ್ ಪಾತ್ರದ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಬ್ಯಾಂಜೋ ಕಲಿತರು, ಹಸಿ ಚರ್ಮದ ಹಗ್ಗ ಹೆಣೆಯಲು ಕಲಿತರು. ಶೂಟಿಂಗ್ ಜಾಗದಲ್ಲಿ ಅವರೂ ರೋಸ್ ಪಾತ್ರದ ಕರ್ಸ್ಟನ್ ಡನ್‌ಸ್ಟ್ ಅವರೂ ಮಾತೇ ಆಡುತ್ತಿರಲಿಲ್ಲವಂತೆ. ಈ ಚಿತ್ರಕ್ಕೆ ಆಸ್ಕರ್‌ನಲ್ಲಿ 12 ನಾಮನಿರ್ದೇಶನ ಬಂತು, ಸಿಕ್ಕಿದ್ದು ಒಂದೇ: ಕ್ಯಾಂಪಿಯನ್‌ಗೆ ನಿರ್ದೇಶನದ ಪ್ರಶಸ್ತಿ.

ಮೂಲ ಕಾದಂಬರಿ ಬರೆದವರು ಥಾಮಸ್ ಸ್ಯಾವೇಜ್, 1967ರಲ್ಲಿ. ಅವರ ತಾಯಿ ಎರಡನೇ ಮದುವೆಯಾಗಿ ಮೊಂಟಾನಾದ ಒಂದು ರಾಂಚ್ ಮನೆಗೆ ಸೇರಿದವರು. ಸ್ಯಾವೇಜ್ ಬೆಳೆದದ್ದು ಅಲ್ಲೇ. ಫಿಲ್ ಪಾತ್ರಕ್ಕೆ ಮಾದರಿ ಅವರ ಮಲತಂದೆಯ ಸಹೋದರ. ಹಾಗಾಗಿಯೇ ಆ ಮನೆಯ ಉಸಿರುಗಟ್ಟುವ ವಾತಾವರಣ ಅಷ್ಟು ನಿಜ ಅನ್ನಿಸುತ್ತದೆ ಅಂತ ನನ್ನ ನಂಬಿಕೆ.

ರೋಸ್‌ಗೆ ಪೀಟರ್ ಅಂತ ಮಗ ಇದ್ದಾನೆ. ಸಣಕಲು ಹುಡುಗ, ಕಾಗದದ ಹೂ ಮಾಡುತ್ತಾನೆ. ಎಲ್ಲರೂ ನಗುತ್ತಾರೆ. ಅವನಿಗೂ ಒಂದು ಸದ್ದು ಇದೆ: ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆಯುವುದು. ಅದನ್ನು ಸುಮ್ನೆ ಅಭ್ಯಾಸ ಅಂತ ಬಿಟ್ಟುಬಿಡಬೇಡಿ. ಸಿನಿಮಾದ ಮೊಟ್ಟಮೊದಲ ಮಾತು ಕೂಡ ಅವನದ್ದೇ. ಅಮ್ಮ ಸುಖವಾಗಿರಬೇಕು, ಅವಳನ್ನು ಕಾಪಾಡದಿದ್ದರೆ ನಾನು ಎಂಥ ಗಂಡಸು ಅಂತ ಕೇಳಿಕೊಳ್ಳುತ್ತಾನೆ. ಸಿನಿಮಾ ಮುಗಿದ ಮೇಲೆ ಆ ಮಾತನ್ನು ಇನ್ನೊಂದು ಸಲ ಕೇಳಿ.

ಆದರೆ ನನಗೆ ಜಾಸ್ತಿ ಕೋಪ ಬಂದದ್ದು ಫಿಲ್ ಮೇಲಲ್ಲ, ಜಾರ್ಜ್ ಮೇಲೆ. ಒಳ್ಳೆಯ ಮನುಷ್ಯ, ಒಪ್ಪುತ್ತೇನೆ. ಇನ್ನು ಒಂಟಿಯಲ್ಲ ಅಂತ ಬೆಟ್ಟದ ನಡುವೆ ಅವನು ಕಣ್ಣೀರು ಹಾಕುವಾಗ ನನ್ನ ಕಣ್ಣೂ ಒದ್ದೆಯಾಗಿತ್ತು. ಆದರೆ ಅವಳನ್ನು ಆ ಮನೆಗೆ ತಂದವನು ಅವನು. ಅವಳ ಕೈ ನಡುಗುವುದನ್ನು ನೋಡಿದವನು ಅವನು. ಅಣ್ಣನ ಎದುರು ಅವಳ ಪರವಾಗಿ ಗಟ್ಟಿಯಾಗಿ ನಿಂತದ್ದು ನನಗಂತೂ ಕಾಣಲಿಲ್ಲ. ನಿಮಗೆ ಕಂಡಿದ್ದರೆ ಯಾವ ದೃಶ್ಯ ಅಂತ ಹೇಳಿ, ಹೋಗಿ ನೋಡುತ್ತೇನೆ.