ಗುರಿ ಗೊತ್ತಿಲ್ಲದೆ ಹೊರಟವರು

ಕೇಳುಗರೆಲ್ಲರಿಗೂ ನಮಸ್ಕಾರ.

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂತು ಅಂದರೆ ಸಾಕು, ಮನೆಗೆ ಬಂದವರೆಲ್ಲ ಮಕ್ಕಳನ್ನು ಹಿಡಿದು ಕೂರಿಸಿಕೊಳ್ಳುತ್ತಾರೆ. ‘ಮುಂದೇನಪ್ಪಾ? ಸೈನ್ಸಾ, ಕಾಮರ್ಸಾ?’ ಅಲ್ಲಿಗೇ ನಿಲ್ಲಿಸಿದರೆ ಪರವಾಗಿಲ್ಲ. ‘ಜೀವನದಲ್ಲಿ ಒಂದು ಗುರಿ ಅಂತ ಇರಬೇಕು ನೋಡು’ ಅಂತ ಶುರು ಮಾಡುತ್ತಾರೆ. ಹೇಳಿದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಪಾಪ, ಆ ಮಗು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ಕೂತಿರುತ್ತದೆ. ‘ಎಲ್ಲರಿಗೂ ಗುರಿ ಇದೆ, ನನಗೊಬ್ಬಳಿಗೇ ಇಲ್ಲ’ ಅಂತ.

ಹದಿನಾರು ವರ್ಷಕ್ಕೆ ಬದುಕಿನ ಗುರಿ ಹೇಳು ಅನ್ನುವುದೇ ಅನ್ಯಾಯ. ಹೇಳುವವರಿಗಾದರೂ ಆ ವಯಸ್ಸಿನಲ್ಲಿ ಗೊತ್ತಿತ್ತಾ? ದೊಡ್ಡ ಕೆಲಸ ಮಾಡಿದ ಎಷ್ಟೋ ಜನಕ್ಕೆ ಮೂವತ್ತು ದಾಟಿದರೂ ಗೊತ್ತಿರಲಿಲ್ಲ. ಅಂಥ ಒಬ್ಬರ ಕತೆ ಇವತ್ತು ಹೇಳುತ್ತೇನೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಓಡಾಡಿದವರು ರೈಸ್ ಮೆಮೋರಿಯಲ್ ಚರ್ಚ್ ನೋಡಿರುತ್ತೀರಿ. ಅದು ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ನೆನಪಿಗೆ ಇರುವ ಚರ್ಚು. ನಾನು ಹೇಳಹೊರಟಿರುವುದು ಅವರ ಮಗನ ವಿಷಯ. ಬೆಂಜಮಿನ್ ಲೂಯಿಸ್ ರೈಸ್. ಹುಟ್ಟಿದ್ದು 1837ರಲ್ಲಿ, ಇದೇ ಬೆಂಗಳೂರಿನಲ್ಲಿ. ಓದಿಗೆ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬೆಂಗಳೂರಿಗೇ ವಾಪಸ್ ಬಂದರು. ಮುಂದೆ ಸೆಂಟ್ರಲ್ ಕಾಲೇಜ್ ಆಗಿ ಬೆಳೆದದ್ದು ಆ ಶಾಲೆಯೇ. ಐದು ವರ್ಷ ಕಳೆಯುವಷ್ಟರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗೆ ಶಾಲಾ ಇನ್‌ಸ್ಪೆಕ್ಟರ್ ಆದರು.

ಇನ್‌ಸ್ಪೆಕ್ಟರ್ ಕೆಲಸ ಅಂದರೆ ಊರೂರು ತಿರುಗುವುದು. ಆಗ ಬಸ್ಸೇ, ಕಾರೇ? ಕುದುರೆಯ ಮೇಲೆ ಹೋಗಬೇಕು. ಶಾಲೆ ನೋಡು, ಹಾಜರಿ ಪುಸ್ತಕ ನೋಡು, ಮೇಷ್ಟರ ಹತ್ತಿರ ಮಾತಾಡು, ಮುಂದಿನ ಊರಿಗೆ ಹೊರಡು. ಮೇಲಿನವರು ಕೊಟ್ಟ ಕೆಲಸ ಅಷ್ಟೇ. ಆದರೆ ದಾರಿಯುದ್ದಕ್ಕೂ ಬರಹ ಕೆತ್ತಿದ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಈಗಲೂ ಹಾಗೇ ಅಲ್ವಾ? ಶಾಸನದ ಕಲ್ಲನ್ನು ಬಟ್ಟೆ ಒಗೆಯುವುದಕ್ಕೆ ಹಾಕಿಕೊಂಡಿರುತ್ತಾರೆ. ಇಲ್ಲ, ಕಾಲುವೆ ದಾಟುವುದಕ್ಕೆ ಅಡ್ಡ ಮಲಗಿಸಿರುತ್ತಾರೆ. ಓದಲು ಬಾರದ ಅಕ್ಷರ ಕಂಡರೆ ‘ಇದರ ಕೆಳಗೆ ನಿಧಿ ಇದೆ’ ಅಂತ ಅಗೆಯುವವರಿಗೂ ಕೊರತೆಯಿಲ್ಲ.

ರೈಸ್ ನಿಂತು ನೋಡಿದರು. ಆಮೇಲಿನದಕ್ಕೆಲ್ಲ ಬೀಜ ಅಲ್ಲಿತ್ತು. 1870ರ ದಶಕದಲ್ಲಿ, ಮೇಜರ್ ಡಿಕ್ಸನ್ ಅನ್ನುವ ಅಧಿಕಾರಿ ಹಿಂದೆ ತೆಗೆದಿದ್ದ ಶಾಸನಗಳ ಫೋಟೋಗಳು ಅವರ ಕೈಗೆ ಬಂದವು. ಅವನ್ನು ಓದಿ, ಅನುವಾದಿಸಿ ಕೊಡಬೇಕಾಗಿತ್ತು. ಅದು ಪುಸ್ತಕವಾಗಿ ಬಂದದ್ದು 1879ರಲ್ಲಿ. ಆಗ ಅವರ ವಯಸ್ಸು ನಲವತ್ತೆರಡರ ಆಸುಪಾಸು. ಅಲ್ಲಿಂದ ಮುಂದಕ್ಕೆ ಹಿಂತಿರುಗಿ ನೋಡಲಿಲ್ಲ. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟ ಬಂತು. ಅದು ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಮೊದಲನೆಯದು. 1906ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅಂಥ 12 ಸಂಪುಟಗಳು, ಸುಮಾರು 9 ಸಾವಿರ ಶಾಸನಗಳು. ಕದಂಬರು, ಗಂಗರು, ಹೊಯ್ಸಳರು ಅಂತ ನಾವು ಶಾಲೆಯಲ್ಲಿ ಉರು ಹೊಡೆಯುತ್ತೇವಲ್ಲ, ಆ ಚರಿತ್ರೆಯಲ್ಲಿ ಬಹುಪಾಲು ನಿಂತಿರುವುದು ಈ ಕಲ್ಲುಗಳ ಮೇಲೆ.

ಶಾಸನದ ಪಡಿಯಚ್ಚು ತೆಗೆಯುವುದನ್ನು ನೀವು ನೋಡಿದ್ದೀರಾ? ಮೊದಲು ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆ ಜಿಡ್ಡು ಎಲ್ಲ ಉಜ್ಜಿ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟುತ್ತಾ ಹೋಗಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯಬೇಕು, ಆದರೆ ಹರಿಯಬಾರದು. ಸ್ವಲ್ಪ ಆರಿದ ಮೇಲೆ ಮಸಿಯನ್ನು ಬಟ್ಟೆಯ ಉಂಡೆಯಿಂದ ಮೆತ್ತಗೆ ಒತ್ತಬೇಕು. ಆಗ ಸುತ್ತಲೂ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಗಾಳಿ ಬಂದರೆ ಕೆಲಸ ಕೆಟ್ಟಿತು. ಬಿಸಿಲು ಜಾಸ್ತಿಯಾದರೂ ಕೆಟ್ಟಿತು. ಇಷ್ಟಾದ ಮೇಲೂ ಸವೆದ ಅಕ್ಷರ ‘ದ’ವೋ ‘ವ’ವೋ ಅಂತ ಕೂತು ಗುದ್ದಾಡಬೇಕು. ‘ನನ್ನ ಗುರಿ ಶಾಸನಶಾಸ್ತ್ರ’ ಅಂತ ಬರೆದು ಗೋಡೆಗೆ ಅಂಟಿಸಿಕೊಂಡವರು ಈ ಕೆಲಸದಲ್ಲಿ ಒಂದು ವಾರ ನಿಂತಾರೋ ಇಲ್ಲವೋ! ರುಚಿ ಹತ್ತಿದವರು ಮಾತ್ರ ನಿಲ್ಲುತ್ತಾರೆ. ರುಚಿ ಹತ್ತಬೇಕಾದರೆ ಮೊದಲು ಕೈ ಹಾಕಿರಬೇಕು.

ಬ್ರಹ್ಮಗಿರಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿದೆ. ಅಲ್ಲಿ ಮತ್ತು ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ 1892ರಲ್ಲಿ ರೈಸ್ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದ್ದರೆ, ಕೊನೆಯಲ್ಲಿ ‘ಲಿಪಿಕಾರ’ ಅನ್ನುವ ಮಾತನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಂದ ಎಲ್ಲಿಗೆ ಬಂದವನೋ! ಶಾಲಾ ಇನ್‌ಸ್ಪೆಕ್ಟರಾಗಿ ಕುದುರೆ ಹತ್ತಿದ ಮನುಷ್ಯನಿಗೆ ಇದು ಸಿಕ್ಕಾಗ ಐವತ್ತೈದರ ಹತ್ತಿರ ವಯಸ್ಸು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ರೈಸ್ ಒಬ್ಬರೇ ಮಾಡಿದ ಕೆಲಸ ಅಲ್ಲ ಇದು. ಹಳಗನ್ನಡ ಬಲ್ಲ ನಮ್ಮ ಪಂಡಿತರು ಜೊತೆಗಿದ್ದರು. ಅವರಲ್ಲಿ ಎಷ್ಟೋ ಜನರ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ. ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ರೈಸರ ನಂತರ, ಅವರು ನಡೆಸುತ್ತಿದ್ದ ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. ಸರ್ಕಾರಿ ಸಂಬಳ, ಅಧಿಕಾರ, ತಿರುಗಾಡಲು ಕುದುರೆ, ಇವೆಲ್ಲ ರೈಸರಿಗಿದ್ದವು. ತಿಂಗಳ ಕೊನೆಗೆ ಅಂಗಡಿ ಸಾಲ ತೀರಿಸಬೇಕಾದ ಮನೆಯ ಹುಡುಗನಿಗೆ ‘ನಿಂತು ನೋಡು, ರುಚಿ ಹತ್ತುತ್ತೆ’ ಅಂತ ಹೇಳಿ ಸುಮ್ನೆ ಹೋಗುವುದು ಸರಿಯಲ್ಲ.

ಹಾಗಾದರೆ ಅಂಥವರೇನು ಮಾಡಬೇಕು? ನನಗೆ ನೆನಪಾಗುವುದು ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಂದು ದಿನ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಇವರಿಗೆ ಗೊತ್ತಿದ್ದದ್ದು ತುಳು, ಬ್ಯಾರಿ. ಉತ್ತರ ಹೇಳಲಾಗಲಿಲ್ಲ. ನಮ್ಮೂರ ಮಕ್ಕಳಿಗಾದರೂ ಹೀಗಾಗಬಾರದು, ಊರಿಗೊಂದು ಶಾಲೆ ಬೇಕು ಅಂತ ಮನಸ್ಸು ಮಾಡಿದರು. ಇಷ್ಟು ಕತೆ ಎಲ್ಲರಿಗೂ ಗೊತ್ತು, ಪೇಪರಿನಲ್ಲಿ ಬಂದಿದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ನಂತರದ ವರ್ಷಗಳು. ಹಣ್ಣು ಮಾರುವುದನ್ನು ಅವರು ಬಿಡಲಿಲ್ಲ. ಅದರಲ್ಲೇ ಹೊಟ್ಟೆ ಹೊರೆದರು, ಅದರಲ್ಲೇ ಉಳಿಸಿದರು, ಕಚೇರಿಯಿಂದ ಕಚೇರಿಗೆ ಅಲೆದರು. ನ್ಯೂಪಡ್ಪುವಿನ ಮಸೀದಿಯ ಮದರಸಾದಲ್ಲಿ ಒಂದಿಷ್ಟು ಮಕ್ಕಳಿಂದ ಶುರುವಾದ ಶಾಲೆ ಆಮೇಲೆ ಹೈಸ್ಕೂಲಾಯಿತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅದನ್ನು ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದರು. ಅನ್ನ ಕೊಡುವ ಕೆಲಸ ಒಂದು, ಮನಸ್ಸು ಹಿಡಿದ ಕೆಲಸ ಇನ್ನೊಂದು ಆಗಿರಬಹುದು. ಎರಡೂ ಒಂದೇ ಆಗಲೇಬೇಕು ಅನ್ನುವ ಹಟ ಎಷ್ಟೋ ಜನರ ನೆಮ್ಮದಿ ಕೆಡಿಸಿದೆ.

‘ನಮಗೆ ವಯಸ್ಸಾಯಿತು, ಇನ್ನೇನು’ ಅನ್ನುವವರೂ ಕೇಳುತ್ತಿರಬಹುದು. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ಪತ್ರಿಕೆಯಲ್ಲಿ ಓದುಗರ ಪದಗಳ ಪ್ರಶ್ನೆಗೆ ಉತ್ತರ ಕೊಡುವ ಅಂಕಣವನ್ನು ಅವರು ಶುರು ಮಾಡಿದ್ದು 1991ರಲ್ಲಿ. ಲೆಕ್ಕ ನೀವೇ ಹಾಕಿ.

ಅಪ್ಪ ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಮಕ್ಕಳು ಯಾರೂ ಹೇಳದೆಯೇ ಏನು ಮಾಡುತ್ತಾರೆ ಅಂತ ಸ್ವಲ್ಪ ದಿನ ಗಮನಿಸಿ. ಹಳೇ ಮಿಕ್ಸಿ ಬಿಚ್ಚಿ ಕೂರುತ್ತಾರಾ? ಪಕ್ಕದ ಮನೆಯ ಮಗುವಿಗೆ ಲೆಕ್ಕ ಹೇಳಿಕೊಡುತ್ತಾರಾ? ಅಡುಗೆಮನೆಯಲ್ಲಿ ಅಳತೆ ಬದಲಿಸಿ ನೋಡುತ್ತಾರಾ? ಅದನ್ನು ಇನ್ನೂ ಸ್ವಲ್ಪ ಮಾಡಲು ಬಿಡಿ. ಮಾಡುತ್ತಾ ಬೇಜಾರಾದರೆ ಬಿಡುತ್ತಾರೆ, ಅದೂ ಒಳ್ಳೆಯದೇ. ಒಂದು ಬಾಗಿಲು ತಮ್ಮದಲ್ಲ ಅಂತ ಗೊತ್ತಾಗುತ್ತದೆ. ಕೋರ್ಸಿಗೆ ಸೇರುವ ತೀರ್ಮಾನ ಬೇರೆ, ಅದನ್ನು ಅಂಕ, ಖರ್ಚು, ದೂರ ನೋಡಿ ಮಾಡಲೇಬೇಕು. ಅದಕ್ಕೆ ‘ಬದುಕಿನ ಗುರಿ’ ಅನ್ನುವ ಭಾರ ಹೇರಬೇಡಿ.

ಬೆಂಗಳೂರಿನಲ್ಲಿ ಈಗೊಂದು ಸೊಗಸಾದ ಕೆಲಸ ನಡೆಯುತ್ತಿದೆ. ಬೇರೆ ಬೇರೆ ಉದ್ಯೋಗದಲ್ಲಿರುವ ಹವ್ಯಾಸಿಗಳು ರೈಸರ 9ನೇ ಸಂಪುಟ ಹಿಡಿದು, ಅದರಲ್ಲಿರುವ ಬೆಂಗಳೂರಿನ ಶಾಸನಗಳಲ್ಲಿ ಯಾವುದು ಉಳಿದಿದೆ, ಯಾವುದು ಮನೆಯ ಪಾಯದೊಳಗೆ ಹೋಯಿತು ಅಂತ ಹುಡುಕುತ್ತಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಎಂಟನೇ ಶತಮಾನದ ವೀರಗಲ್ಲೊಂದು ಹೊರಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಕಿತ್ತಯ್ಯ ಅನ್ನುವ ವೀರನ ಹೆಸರಿದೆ. ಈಗ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆಯವರು ಇಂಥ ಕಲ್ಲುಗಳನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುವ ಹಾಗೆ ತ್ರೀಡಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಹಳೆಯ ಲಿಪಿ ಕಲಿಯುವ ಆಸೆಯಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಬಗ್ಗೆ ವಿಚಾರಿಸಿ. ನಿಮ್ಮೂರಲ್ಲಿ ಬರಹವಿರುವ ಕಲ್ಲು ಕಂಡರೆ ಅದಕ್ಕೆ ಬಣ್ಣ, ಸುಣ್ಣ ಬಳಿಯಬೇಡಿ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಒಂದು ಫೋಟೋ ತೆಗೆಯಿರಿ. ಅಕ್ಷರಗಳು ಆಗ ಚೆನ್ನಾಗಿ ಕಾಣುತ್ತವೆ.

ನಮಸ್ಕಾರ.